ಡೀಸೆಲ್ ಫಿಲ್ಟರ್ ಯಾವಾಗ ಬದಲಿಸಬೇಕು: ಕಿಲೋಮೀಟರ್ ಲೆಕ್ಕ ಬಿಟ್ಟು ಗೇಜ್ ನಂಬಿದ ಅನುಭವ

ಲಾರಿಯ ಡೀಸೆಲ್ ಫಿಲ್ಟರ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂದರೆ ಈಗ ನನ್ನದು ಒಂದೇ ಉತ್ತರ: ಪ್ರೈಮರಿ (ಟ್ಯಾಂಕಿನಿಂದ ಬರುವ ಡೀಸೆಲನ್ನು ಮೊದಲು ಸೋಸುವುದು) ಗೇಜ್ ಹೇಳಿದಾಗ, ಸೆಕೆಂಡರಿ (ಅದಾದಮೇಲೆ, ಹೈ ಪ್ರೆಶರ್ ಪಂಪಿನ ಮುಂಚೆ ಇರುವ ಎರಡನೆಯದು) ಕಂಪನಿ ಪುಸ್ತಕ ಹೇಳಿದಾಗ. "ಎರಡನ್ನೂ ಆಯಿಲ್ ಬದಲಿಸುವಾಗಲೇ ಬಿಸಾಡು" ಅನ್ನುವವರೂ "ಪಿಕಪ್ ಬೀಳೋವರೆಗೂ ಮುಟ್ಟಬೇಡ" ಅನ್ನುವವರೂ ಈ ಗೇಜ್ ನೋಡಿ ನಕ್ಕಿದ್ದರು. ಮೂರೂವರೆ ಲಕ್ಷ ಕಿಲೋಮೀಟರ್ ಆಸುಪಾಸಾಯಿತು, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ, ಫ್ಯಾಕ್ಟರಿಯಲ್ಲಿ ಕೂರಿಸಿದ ಇಂಜೆಕ್ಟರ್‌ಗಳೇ ಇನ್ನೂ ಕೂತಿವೆ. ಈಗ ನಗುವವರಿಲ್ಲ.

ಪ್ರೈಮರಿ ಫಿಲ್ಟರ್ ಆದಮೇಲೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಹೋಗುವ ಮುಂಚೆ ಒಂದು ಟೀ (T ಆಕಾರದ ಪೈಪ್ ಜೋಡಣೆ) ಹಾಕಿ, ಪಂಪ್ ಎಷ್ಟು ಜೋರಾಗಿ ಹೀರುತ್ತಿದೆ ಎಂದು ತೋರಿಸುವ ವ್ಯಾಕ್ಯೂಮ್ ಗೇಜ್ ಕೂರಿಸಿದೆ. ಫಿಲ್ಟರ್ ಕಟ್ಟಿದಷ್ಟೂ ಮುಳ್ಳು ಏರುತ್ತದೆ. ಪೈಪ್ ಜೋಡಿಸುವ ಟೊಳ್ಳಾದ ಬ್ಯಾಂಜೋ ಬೋಲ್ಟಿಗೆ ಹೊಸ ಕಾಪರ್ ವಾಷರ್ ಹಾಕಲೇಬೇಕು, ಹಳೆಯದನ್ನೇ ತಿರುಗಿಸಿ ಹಾಕಿದರೆ ಗಾಳಿ ಎಳೆಯುತ್ತದೆ. ಸಕ್ಷನ್ ಕಡೆಯ ಲೀಕಿನಲ್ಲಿ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಎಷ್ಟೋ ಜನರಿಗೆ ಅದು ಸಿಗುವುದಿಲ್ಲ. ಫೀಡ್ ಪಂಪ್ ಟ್ಯಾಂಕಿನೊಳಗೇ ಇರುವ ಗಾಡಿಗೆ ಈ ಗೇಜ್ ಕೆಲಸಕ್ಕೆ ಬಾರದು, ಅಲ್ಲಿ ಫಿಲ್ಟರಿನ ಹಿಂದೆ ಮುಂದೆ ಪ್ರೆಶರ್ ನೋಡಬೇಕು. ಮುಳ್ಳು ನಡುಗದೆ ನಿಲ್ಲುವಂತೆ ಮಾಡಲು ಟೀಯೊಳಗೆ ಒಂದು ಸಣ್ಣ ಉಪಾಯ ಮಾಡಿದ್ದೇನೆ, ಅದು ನನ್ನ ಬಳಿಯೇ ಇರಲಿ.

ಫುಲ್ ಲೋಡ್, ಏರು, ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಹೊಸ ಫಿಲ್ಟರಿನಲ್ಲಿ 2–3 ಇಂಚು ಪಾದರಸ (ಈ ಗೇಜಿನ ಅಳತೆ) ತೋರಿಸುತ್ತದೆ. 6 ಬಂದರೆ ಹೊಸ ಫಿಲ್ಟರ್ ತಂದಿಡುತ್ತೇನೆ, 8 ಬಂದರೆ ಬದಲಿಸುತ್ತೇನೆ. 10 ಅಂದರೆ ಸುಮಾರು 34 ಕಿಲೋಪಾಸ್ಕಲ್, ಅಲ್ಲಿಯವರೆಗೆ ಬಿಡಬಾರದು. ಅಷ್ಟೊತ್ತಿಗೆ ಹಳೆ ಹೋಸ್‌ಗಳ ಕೀಲುಗಳಲ್ಲೆಲ್ಲ ಗಾಳಿ ಹೊಕ್ಕು ಏರಿನಲ್ಲಿ ಎಳೆತ ಬಿದ್ದುಹೋಗುತ್ತದೆ. ಐಡಲ್‌ನಲ್ಲಿ ಗೇಜ್ ನೋಡಿ ಏನೂ ತಿಳಿಯದು, ಸತ್ತ ಫಿಲ್ಟರೂ ಐಡಲ್‌ನಲ್ಲಿ ಸಾಧುವೇ. ಮೊದಲ ಚಳಿಗಾಲದಲ್ಲಿ ಬೆಳಿಗ್ಗೆ 9 ತೋರಿಸಿತೆಂದು ಎರಡು ಒಳ್ಳೆ ಫಿಲ್ಟರ್ ಸುಮ್ಮನೆ ಬಿಸಾಡಿದೆ. ಕಸ ಅಲ್ಲ, ತಣ್ಣನೆ ಡೀಸೆಲಿನ ಮೇಣ ಕಾಗದಕ್ಕೆ ಹಿಡಿದಿತ್ತು. ಎಂಜಿನ್ ಬಿಸಿಯಾಗಿ, ಟ್ಯಾಂಕ್ ಅರ್ಧಕ್ಕಿಂತ ಮೇಲಿರುವಾಗ ಓದಿದ್ದಷ್ಟೇ ಲೆಕ್ಕ.

ಇದೇ ಲಾರಿಯಲ್ಲಿ ಪ್ರೈಮರಿ ಒಮ್ಮೆ 11,000ಕ್ಕೆ ಕಟ್ಟಿದೆ, ಇನ್ನೊಮ್ಮೆ 28,000 ಚಿಲ್ಲರೆ ಓಡಿದೆ. ಬಯೋಡೀಸೆಲ್ ಬೆರೆತ ಇಂಧನ ಹಾಕಲು ಶುರುಮಾಡಿದಾಗ ನಾಲ್ಕು ಸಾವಿರಕ್ಕೇ ಹೋಯಿತು. ಅದು ಟ್ಯಾಂಕಿನ ಹಳೆ ಕೊಳೆಯನ್ನೆಲ್ಲ ಕಿತ್ತು ತರುತ್ತದೆ, ಮೂರು ಫಿಲ್ಟರ್ ತಿಂದಮೇಲೆ ಸರಿಹೋಯಿತು. ಇಷ್ಟು ಏರುಪೇರು ಇರುವಾಗ "ಇಪ್ಪತ್ತು ಸಾವಿರಕ್ಕೊಮ್ಮೆ" ಅನ್ನುವುದು ಯಾರ ಲೆಕ್ಕ?

ಸೆಕೆಂಡರಿಯನ್ನು ಪದೇ ಪದೇ ತೆಗೆಯುವುದು ಒಳ್ಳೆಯದೆಂದು ಹಲವರ ನಂಬಿಕೆ. ನನ್ನ ಪ್ರಕಾರ ತಪ್ಪು. ಅದರ ಆಚೆಗೆ 1,600 ಬಾರ್‌ಗೂ ಮೇಲಿನ ಪ್ರೆಶರಿನಲ್ಲಿ ದುಡಿಯುವ ಪಂಪ್ ಮತ್ತು ಇಂಜೆಕ್ಟರ್ ಇವೆ. ಅಲ್ಲಿಗೆ ಹೋಗುವ ದಾರಿಯನ್ನು ಬಿಚ್ಚಿದಾಗೆಲ್ಲ ಧೂಳಿಗೆ ಬಾಗಿಲು ತೆರೆದ ಹಾಗೆ. ಸಾಮಾನ್ಯವಾಗಿ ಎರಡು ಪ್ರೈಮರಿಗೆ ಒಂದು ಸೆಕೆಂಡರಿ ಆಗುತ್ತದೆ. ದುಡ್ಡಿನ ಮಾತಿಗೆ ಬಂದರೆ, ಒಂದು ಇಂಜೆಕ್ಟರ್ ಬೆಲೆಯಲ್ಲಿ ಎರಡು ಮೂರು ವರ್ಷದ ಫಿಲ್ಟರ್ ಬರುತ್ತವೆ. ಹೈ ಪ್ರೆಶರ್ ಪಂಪ್ ಚೂರುಚೂರಾಗಿ ಉದುರಿದರೆ ರೇಲ್ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ದಪ್ಪ ಪೈಪು), ಇಂಜೆಕ್ಟರ್, ಪೈಪು, ಟ್ಯಾಂಕ್ ಸ್ವಚ್ಛತೆ ಎಲ್ಲ ಸೇರಿ ಲಾರಿಯ ಲಾಭವೇ ಹೋಗುತ್ತದೆ.

ಬದಲಿಸುವಾಗ ಆಗುವ ತಪ್ಪೇ ಹೆಚ್ಚು. ಫಿಲ್ಟರ್ ಕೂರುವ ಹೆಡ್ಡನ್ನು ಫಿಲ್ಟರ್ ಬಿಚ್ಚುವ ಮೊದಲು ತೊಳೆದು ಒರೆಸಬೇಕು, ಬಿಚ್ಚಿದ ಮೇಲಲ್ಲ. ಹಳೆ ಗ್ಯಾಸ್ಕೆಟ್ ಹೆಡ್ಡಿಗೇ ಅಂಟಿಕೊಂಡಿದೆಯೇ ಅಂತ ಬೆರಳಾಡಿಸಿ ನೋಡಬೇಕು. ಅದರ ಮೇಲೇ ಹೊಸದು ಕೂತರೆ ಡಬಲ್ ಗ್ಯಾಸ್ಕೆಟ್, ಗಾಳಿ ಗ್ಯಾರಂಟಿ. ಪ್ರೈಮರಿಗೆ ಡೀಸೆಲ್ ತುಂಬುವುದಾದರೆ ಸುತ್ತಲಿನ ಸಣ್ಣ ತೂತುಗಳಿಂದ ಮಾತ್ರ, ನಡುವಿನ ತೂತು ಶುದ್ಧವಾದ ಬದಿ. ಸೆಕೆಂಡರಿಯನ್ನು ಖಾಲಿಯೇ ಹಾಕಬೇಕು. ಎಷ್ಟು ಚೊಕ್ಕ ಡಬ್ಬಿಯಿಂದ ಸುರಿದರೂ ಅದು ಸೋಸದ ಡೀಸೆಲ್ಲೇ. ಗ್ಯಾಸ್ಕೆಟಿಗೆ ಡೀಸೆಲ್ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಪಾನಾ ಬಿಚ್ಚಲು, ಬಿಗಿಯಲು ಅಲ್ಲ. ಪ್ರೈಮರಿಯ ತಳದಲ್ಲಿ ನೀರು ಸೇರುವ ಪ್ಲಾಸ್ಟಿಕ್ ಬೌಲ್ ಬಿರುಕು ಬಿಡುವುದು ಬಿಗಿಯುವ ಕೈಯಿಂದಲೇ. ಆಮೇಲೆ ಹ್ಯಾಂಡ್ ಪ್ರೈಮರ್ (ಡೀಸೆಲ್ ತುಂಬಿಸಿ ಗಾಳಿ ಹೊರಹಾಕುವ ಕೈ ಪಂಪು) ಗಟ್ಟಿಯಾಗುವವರೆಗೂ ಒತ್ತಬೇಕು, ನನ್ನದಕ್ಕೆ ನೂರಿಪ್ಪತ್ತು ನೂರೈವತ್ತು ಸಲ ಬೇಕು. ಸೋಮಾರಿತನಕ್ಕೆ ಸೆಲ್ಫ್ ಹೊಡೆಯುತ್ತ ಕೂತರೆ ಹೈ ಪ್ರೆಶರ್ ಪಂಪ್ ಒಣಗಿ ತಿರುಗುತ್ತದೆ, ಅದಕ್ಕೆ ಡೀಸೆಲ್ಲೇ ಗ್ರೀಸು. ಕಾಮನ್ ರೇಲ್ ಎಂಜಿನ್ನಿನಲ್ಲಿ ಇಂಜೆಕ್ಟರ್ ಪೈಪ್ ಸಡಿಲಿಸಿ ಗಾಳಿ ತೆಗೆಯುವ ಹಳೆ ಚಾಳಿ ಬೇಡ. ಆ ಪ್ರೆಶರಿನ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಅಡ್ಡದಾರಿಯ ಪ್ರಯೋಗಗಳೂ ಆಗಿವೆ. ಕಂಪ್ರೆಸರ್ ಗಾಳಿ ಹೊಡೆದು ಹಳೆ ಪ್ರೈಮರಿ ತೊಳೆದು ಹಾಕಿ ನೋಡಿದೆ. ಗೇಜ್ 2ಕ್ಕಿಂತ ಕೆಳಗೆ ಬಂತು, ಖುಷಿಯಾಯಿತು. ಕತ್ತರಿಸಿ ನೋಡಿದರೆ ಕಾಗದದ ಮಡಿಕೆ ಎರಡು ಕಡೆ ಹರಿದಿತ್ತು. ಹೊಸದಕ್ಕಿಂತ ಕಡಿಮೆ ಓದುವ ಫಿಲ್ಟರ್ ಸೋಸುತ್ತಿಲ್ಲ ಅಂತಲೇ ಅರ್ಥ. ಟ್ಯಾಂಕಿನ ಹತ್ತಿರ ಇನ್ನೊಂದು 10 ಮೈಕ್ರಾನ್ ಫಿಲ್ಟರ್ ಸೇರಿಸಿದ್ದೂ ನಷ್ಟವೇ: ಮೊದಲ ದಿನವೇ ಗೇಜ್ 5, ಏರಿನಲ್ಲಿ ಉಸಿರಾಟದ ತೊಂದರೆ. ಎರಡು ವಾರಕ್ಕೆ ಕಿತ್ತೆ. ಫಿಲ್ಟರ್ ಆದಮೇಲೆ ಒಂದಡಿ ಪಾರದರ್ಶಕ ಹೋಸ್ ಹಾಕಿ ಗುಳ್ಳೆ ನೋಡಿದ್ದು ಮಾತ್ರ ಫಲ ಕೊಟ್ಟಿತು. ಪರೀಕ್ಷೆಗೆ ಸರಿ, ಖಾಯಂ ಬಿಟ್ಟರೆ ಗಟ್ಟಿಯಾಗಿ ಸೀಳುತ್ತದೆ.

ತೆಗೆದ ಫಿಲ್ಟರನ್ನು ಕತ್ತರಿಸದೆ ಬಿಸಾಡುವುದಿಲ್ಲ. ಗರಗಸ ಬೇಡ, ಅದರ ಪುಡಿಯೇ ಒಳಗೆ ಬಿದ್ದು ಪಂಪ್ ಸವೆದಿದೆ ಅನ್ನಿಸುತ್ತದೆ. ಪೈಪ್ ಕಟರ್ ಥರದ್ದೇ ಬೇಕು. ಮಡಿಕೆಗಳನ್ನು ಬಿಳಿ ತಟ್ಟೆಯಲ್ಲಿ ಹಿಂಡಿದರೆ ಕಥೆ ಹೊರಬರುತ್ತದೆ. ಟಾರಿನಂಥ ಕಪ್ಪು ಮಾಮೂಲಿ. ಕಂದು ಕಣ ಟ್ಯಾಂಕಿನ ತುಕ್ಕು. ಲೋಳೆ, ಜೊತೆಗೆ ಹುಳಿ ವಾಸನೆ ಇದ್ದರೆ ನೀರು ಮತ್ತು ಡೀಸೆಲ್ ನಡುವೆ ಸೂಕ್ಷ್ಮಜೀವಿ ಬೆಳೆದಿದೆ, ಟ್ಯಾಂಕ್ ಇಳಿಸಿ ತೊಳೆಯದೆ ಗತಿಯಿಲ್ಲ. ಬೆಳ್ಳಿಯಂಥ ಮಿಣುಕು ಕಂಡರೆ ಅಯಸ್ಕಾಂತ ಆಡಿಸಿ: ಹಿಡಿದರೆ ಉಕ್ಕು, ಬಹುಶಃ ಪಂಪ್ ಸವೆದು ರಿಟರ್ನ್ ಲೈನಿನಿಂದ ಟ್ಯಾಂಕಿಗೆ ಬಂದು ಮತ್ತೆ ಫಿಲ್ಟರಿಗೆ ಬಿದ್ದದ್ದು. ಹಿಡಿಯದಿದ್ದರೂ ನಿರಾಳವಾಗಬೇಡಿ, ಅಲ್ಯೂಮಿನಿಯಂ ಹಿಡಿಯುವುದಿಲ್ಲ.

ಪ್ರೈಮರಿಯ ಬೌಲಿನಿಂದ ನೀರು ಬಿಡುವುದು ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ. ರಾತ್ರಿಯಿಡೀ ತಳಕ್ಕೆ ಇಳಿದಿರುತ್ತದೆ. ಗಾಜಿನ ಬಾಟಲಿಗೆ ಹಿಡಿದು ನೋಡಿ, ಅನುಮಾನವಿದ್ದರೆ ನೀರಿನಲ್ಲಿ ಕರಗುವ ಬಣ್ಣ ಒಂದು ಹನಿ ಹಾಕಿ. ನೀರಿದ್ದರೆ ತಳದಲ್ಲಿ ಬಣ್ಣ ಹರಡುತ್ತದೆ, ಬರೀ ಡೀಸೆಲ್ಲಾದರೆ ಹನಿ ಮಣಿಯ ಹಾಗೆ ಕೂತಿರುತ್ತದೆ. ಡ್ರೇನ್ ಬಿಟ್ಟಮೇಲೆ ಪ್ರೈಮರ್ ಹತ್ತು ಸಲ ಒತ್ತದೆ ಸೆಲ್ಫ್ ಮುಟ್ಟಬೇಡಿ. ರಾತ್ರಿ ಟ್ಯಾಂಕ್ ತುಂಬಿಸಿ ನಿಲ್ಲಿಸಿದರೆ ಒಳಗೆ ಬೆವರುವುದೂ ಕಡಿಮೆ.

ಬದಲಿಸಿದ ದಿನ, ಕಿಲೋಮೀಟರ್, ಗೇಜಿನ ಓದು ಮೂರನ್ನೂ ಫಿಲ್ಟರಿನ ಮೈಮೇಲೇ ಮಾರ್ಕರಿನಲ್ಲಿ ಬರೆಯುತ್ತೇನೆ. ಡೈರಿ ಕಳೆದುಹೋಗುತ್ತದೆ, ಫಿಲ್ಟರ್ ಹೋಗುವುದಿಲ್ಲ.