ಹೆಸರಿಗೂ ಅವಧಿ ಬರೆದ ಮೇಲೆ ನಮ್ಮ ಮೈದಾನಕ್ಕೆ ಹಣ ಬಂದದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕ–ಮುಳ್ಳೇರಿಯ ಕಡೆಯ ನಮ್ಮ ಸಂಘಕ್ಕೆ ಹಿರಿಯರೊಬ್ಬರು ಬರೆದುಕೊಟ್ಟ ಒಂದೂವರೆ ಎಕರೆಯಷ್ಟು ಮೈದಾನವಿದೆ. ಅದರ ಒಂದೊಂದು ಭಾಗಕ್ಕೆ ವ್ಯಾಪಾರಿಗಳ ಹೆಸರಿಟ್ಟು ಹಣ ಮಾಡೋಣವೆಂದು ಕೋಶಾಧಿಕಾರಿಯಾಗಿ ನಾನು ಸೂಚಿಸಿದಾಗ ಮಹಾಸಭೆಯಲ್ಲಿ ಎದ್ದ ನಗು ಈಗಲೂ ಕಿವಿಯಲ್ಲಿದೆ. "ಮಾಷ್ಟ್ರೇ, ದೇವಸ್ಥಾನದ ಟ್ಯೂಬ್‌ಲೈಟಿಗೆ ಹೆಸರು ಬರೆಸುವವರಿದ್ದಾರೆ, ಕಬಡ್ಡಿ ಅಂಕಣಕ್ಕೆ ಯಾರು ಬರೆಸುತ್ತಾರೆ?" ಎಂದವರೇ ಕಳೆದ ವರ್ಷ ಲೆಕ್ಕಪತ್ರ ಮಂಡನೆಯಾದಾಗ ಚಪ್ಪಾಳೆ ಶುರುಮಾಡಿದರು. ಮೂರು ವರ್ಷಗಳಲ್ಲಿ ಬಂದ ಮೊತ್ತ ಹೆಚ್ಚುಕಡಿಮೆ ಏಳೂವರೆ ಲಕ್ಷ.

ಮೊದಲ ಪ್ರಯತ್ನ ಪೂರ್ಣ ಸೋಲು. ಬಣ್ಣದ ಕೈಪಿಡಿ ಅಚ್ಚು ಹಾಕಿಸಿ ನಲವತ್ತು ಅಂಗಡಿಗಳಿಗೆ ಹಂಚಿದೆವು; ಅಚ್ಚಿಗೆ ಆರು ಸಾವಿರ ಹೋಯಿತು, ಬಂದದ್ದು ಒಂದೂವರೆ ಸಾವಿರ, ಅದೂ ಗಣೇಶೋತ್ಸವದ ವಂತಿಗೆಯೆಂದು ತಪ್ಪು ತಿಳಿದು ಕೊಟ್ಟದ್ದು. ಎರಡನೆಯದು ಅದಕ್ಕಿಂತ ಕೆಟ್ಟದಾಯಿತು. ಗಲ್ಫಿನಲ್ಲಿ ವ್ಯಾಪಾರವಿರುವ ಊರಿನವರೊಬ್ಬರು ಇಡೀ ಮೈದಾನಕ್ಕೆ ತಮ್ಮ ಸಂಸ್ಥೆಯ ಹೆಸರಿಡುವುದಾದರೆ ಎರಡು ಲಕ್ಷ ಕೊಡುತ್ತೇನೆಂದು ಒಪ್ಪಿ ಐವತ್ತು ಸಾವಿರ ಮುಂಗಡವಾಗಿ ಕೊಟ್ಟರು. ಫಲಕ ಎದ್ದಿತು. ಆದರೆ ಅಜ್ಜನ ಕಾಲದಿಂದ 'ಗುಡ್ಡೆ ಮೈದಾನ' ಎಂದು ಕರೆಯುತ್ತಿದ್ದ ಜನ ಹಾಗೆಯೇ ಕರೆದರು, ರಿಕ್ಷಾದವರೂ ಹಾಗೆಯೇ ಕರೆದರು. ಕೊನೆಗೆ ನಮ್ಮದೇ ಪಂದ್ಯಾಟದ ಆಮಂತ್ರಣ ಪತ್ರಿಕೆಯಲ್ಲಿ 'ಗುಡ್ಡೆ ಮೈದಾನ' ಎಂದೇ ಅಚ್ಚಾಯಿತು. ರಜೆಯಲ್ಲಿ ಬಂದ ಅವರು ಆ ಪತ್ರಿಕೆಯನ್ನು ಮಡಚಿ ನನ್ನ ಕೈಗಿಟ್ಟು, ಏನೂ ಹೇಳದೆ ಹೋದರು. ಮುಂಗಡವನ್ನು ನಾವು ಎರಡು ಕಂತುಗಳಲ್ಲಿ ಹಿಂದಿರುಗಿಸಿದೆವು.

ನನ್ನ ಕಣ್ಣು ತೆರೆಸಿದ್ದು ಆ ಪತ್ರಿಕೆಯೇ. ಜನರ ಬಾಯಲ್ಲಿ ಈಗಾಗಲೇ ಹೆಸರಿರುವುದನ್ನು ಮಾರಬಾರದು, ಹೆಸರಿಲ್ಲದ್ದನ್ನು ಮಾರಬೇಕು. ಕಬಡ್ಡಿ ಅಂಕಣ, ಶಟಲ್ ಅಂಕಣ, ವಾಲಿಬಾಲ್ ಅಂಕಣ, ಹೊನಲು ಬೆಳಕಿನ ನಾಲ್ಕು ಕಂಬಗಳು, ಅಂಕಫಲಕ, ಆಟಗಾರರ ಕೊಠಡಿ, ಇವಾವುದಕ್ಕೂ ಊರಿನಲ್ಲಿ ಹೆಸರಿರಲಿಲ್ಲ. ಹಾಗಾಗಿ ಮೈದಾನವನ್ನು ಅದರ ಪಾಡಿಗೆ ಬಿಟ್ಟು, ಈ ತುಂಡುಗಳನ್ನು ಮೂರು ಮೂರು ವರ್ಷಗಳ ಅವಧಿಗೆ ಕರಾರು ಬರೆದು ಕೊಡಲು ಹೊರಟೆ. ಶಾಶ್ವತವಾಗಿ ಕೊಟ್ಟರೆ ಮಾತ್ರ ದೊಡ್ಡ ಮೊತ್ತ ಬರುತ್ತದೆಂದು ಸಮಿತಿಯಲ್ಲಿ ಎಲ್ಲರೂ ವಾದಿಸಿದರು, ನಾನೊಬ್ಬನೇ ಒಪ್ಪಲಿಲ್ಲ. ಶಾಶ್ವತವೆಂದರೆ ವ್ಯಾಪಾರಿ ಯೋಚಿಸಲು ಆರು ತಿಂಗಳು ಕೇಳುತ್ತಾನೆ. ಮೂರು ವರ್ಷವೆಂದರೆ ಚಹಾ ಮುಗಿಯುವುದರೊಳಗೆ ಉತ್ತರ ಸಿಗುತ್ತದೆ. ಕಬಡ್ಡಿ ಅಂಕಣಕ್ಕೆ ಅರುವತ್ತು ಸಾವಿರ, ಕಂಬವೊಂದಕ್ಕೆ ನಲವತ್ತು, ಅಂಕಫಲಕಕ್ಕೆ ಇಪ್ಪತ್ತೈದು ಎಂದು ದರ ಇಟ್ಟಿದ್ದೆ. ಮೊದಲು ಯಾರ ಬಳಿಗೆ ಹೋಗಬೇಕು, ಎರಡನೆಯವರಿಗೆ ಯಾರ ಮೂಲಕ ಸುದ್ದಿ ಮುಟ್ಟಬೇಕು ಎಂಬುದರಲ್ಲಿ ಒಂದು ಕೈಚಳಕವಿದೆ. ನೆರೆಯ ಸಂಘಗಳವರೂ ಇದನ್ನು ಓದುವುದರಿಂದ ಅದನ್ನಿಲ್ಲಿ ಬರೆಯುವುದಿಲ್ಲ.

ಹಣದ ಮಾತಿನಲ್ಲಿ ನಮಗೆ ನೆರವಾದವರು ಲೆಕ್ಕಪರಿಶೋಧಕರು. ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ರಶೀದಿ ತೋರಿಸಿದರೆ ವ್ಯಾಪಾರಿಗಳು ಮುಗಿಬೀಳುತ್ತಾರೆಂದು ನಾನು ಭಾವಿಸಿದ್ದೆ. ಆದರೆ ಅದರಲ್ಲಿ ಅರ್ಧ ಮೊತ್ತಕ್ಕೆ ಮಾತ್ರ ವಿನಾಯಿತಿ, ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದೂ ಇಲ್ಲ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೂ ಇಲ್ಲ. ಅದೇ ಹಣ ಅಂಗಡಿಯ ಜಾಹೀರಾತು ಖರ್ಚೆಂದು ಬರೆಯಲ್ಪಟ್ಟರೆ ಪೂರ್ತಿ ವ್ಯಾಪಾರದ ಲೆಕ್ಕಕ್ಕೆ ಹೋಗುತ್ತದೆ. 2019ರ ಅಕ್ಟೋಬರ್ 11ರ ಜಿಎಸ್‌ಟಿ ಸುತ್ತೋಲೆಯ ಪ್ರಕಾರ, ಧರ್ಮಾರ್ಥ ಸಂಸ್ಥೆಗೆ ವ್ಯಕ್ತಿಯೊಬ್ಬರು ಕೊಟ್ಟ ದಾನಕ್ಕೆ ಕೃತಜ್ಞತೆಯಾಗಿ ಬರಿಯ ಹೆಸರು ಹಾಕಿದರೆ ತೆರಿಗೆಯಿಲ್ಲ. ಫಲಕದಲ್ಲಿ ವ್ಯಾಪಾರದ ಪ್ರಚಾರ ಇಣುಕಿದರೆ ಅದು ತೆರಿಗೆಗೆ ಒಳಪಡುವ ಸೇವೆಯಾಗುತ್ತದೆ. ಆದ್ದರಿಂದ ತಂದೆತಾಯಿಯ ಸ್ಮರಣಾರ್ಥ ಕೊಟ್ಟವರಿಗೆ ದಾನದ ರಶೀದಿ, ಅಂಗಡಿಯ ಹೆಸರು ಕೇಳಿದವರಿಗೆ ಬಿಲ್ಲು ಎಂದು ಎರಡು ಪುಸ್ತಕಗಳನ್ನೇ ಮಾಡಿದೆವು. ವರ್ಷದ ವಹಿವಾಟು 20 ಲಕ್ಷದ ಹತ್ತಿರಕ್ಕೂ ಹೋಗದ್ದರಿಂದ ಜಿಎಸ್‌ಟಿ ನೋಂದಣಿಯ ಗೊಡವೆ ಬರಲಿಲ್ಲ.

ಗಲ್ಫಿನವರ ಹಣದಲ್ಲಿ ಒಮ್ಮೆ ಎಡವಿದೆ. ಅನಿವಾಸಿಯಾದರೂ ಭಾರತದ ಪಾಸ್‌ಪೋರ್ಟೇ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಆದರೆ ನಮಗೆ ಮೂವತ್ತು ಸಾವಿರ ಕಳುಹಿಸಿದ ಒಬ್ಬರು ಗಲ್ಫಿನಿಂದ ಬೇರೆ ದೇಶಕ್ಕೆ ಹೋಗಿ ಅಲ್ಲಿಯ ಪೌರತ್ವ ಪಡೆದಿದ್ದರು. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯಿಲ್ಲದ ನಾವು ಅದನ್ನು ಮುಟ್ಟುವಂತಿರಲಿಲ್ಲ. ಹಿಂದಿರುಗಿಸುವುದೊಂದೇ ದಾರಿಯೆಂದಾಗ ಅವರು ಬೇಸರಪಟ್ಟುಕೊಂಡರು. ಈಗ ಮೊದಲ ಮಾತುಕತೆಯಲ್ಲೇ ಪಾಸ್‌ಪೋರ್ಟ್ ಯಾವ ದೇಶದ್ದೆಂದು ನಾಚಿಕೆಯಿಲ್ಲದೆ ಕೇಳುತ್ತೇನೆ.

ನಡುವೆ ನಡೆಸಿದ ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು. ಮುರಕಲ್ಲಿನ ಗ್ಯಾಲರಿಯ ಮೆಟ್ಟಿಲುಗಳನ್ನು ಅಡಿಗೆ ಐನೂರರಂತೆ ಮಾರಿ, ಕೊಟ್ಟವರ ಹೆಸರನ್ನು ಸಿಮೆಂಟು ಸಾರಿಸಿದ ಮೇಲ್ಮೈಯಲ್ಲೇ ಬರೆಸಿದೆ. ದೇವಸ್ಥಾನದ ಮೆಟ್ಟಿಲಲ್ಲಿ ಭಕ್ತರ ಪಾದಧೂಳಿ ಬೀಳುವುದನ್ನು ಪುಣ್ಯವೆಂದುಕೊಳ್ಳುವ ನಮ್ಮವರು ಇದಕ್ಕೂ ಒಪ್ಪುತ್ತಾರೆಂದು ನಂಬಿದ್ದೆ. ಮೊದಲ ಪಂದ್ಯಾಟದ ರಾತ್ರಿಯೇ ಒಬ್ಬರು ಬಂದು, "ನನ್ನ ಅಪ್ಪನ ಹೆಸರಿನ ಮೇಲೆ ಕಡಲೆ ಸಿಪ್ಪೆ ಹಾಕಿ ಕೂತಿದ್ದಾರೆ, ಮಾಷ್ಟ್ರೇ" ಎಂದರು. ಮೆಟ್ಟಿಲಿನ ಎದುರುಮುಖಕ್ಕೆ ಬರೆಸಿದೆ. ಅಲ್ಲಿ ಕುಳಿತವರ ಹಿಮ್ಮಡಿ ತಾಗುತ್ತಿತ್ತು. ಕೊನೆಗೆ ಎಲ್ಲ ಹೆಸರುಗಳೂ ಹಿಂಬದಿಯ ಗೋಡೆಗೆ ಹೋದವು. ಪೇಂಟರಿಗೆ ಮೂರು ಸಲ ಕೂಲಿ ಕೊಟ್ಟು ಆ ಪ್ರಯೋಗದಲ್ಲಿ ಉಳಿದದ್ದು ಹದಿನೈದು ಸಾವಿರಕ್ಕಿಂತ ಕಡಿಮೆ.

ಫ್ಲೆಕ್ಸಿನ ಆಸೆ ಮೊದಲ ಮಳೆಗಾಲದಲ್ಲೇ ಬಿಟ್ಟೆ. ಜುಲೈಯ ಗಾಳಿಮಳೆಗೆ ಎರಡು ಹರಿದು ಪಕ್ಕದ ಅಡಿಕೆ ತೋಟದಲ್ಲಿ ಸಿಕ್ಕಿದವು. ಈಗ ತಗಡಿನ ಮೇಲೆ ಪೇಂಟು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರಕ್ಕೂ ಅಕ್ಷರದ ಎತ್ತರ ಒಂದೇ, ಮೇಲಿನ ಸಾಲು ಕನ್ನಡ ಎಂದು ಕರಾರಿನಲ್ಲೇ ಬರೆದಿದ್ದೇನೆ. ಒಬ್ಬ ಬಟ್ಟೆ ವ್ಯಾಪಾರಿ ಇದಕ್ಕಾಗಿ ಎರಡು ವಾರ ಮುನಿಸಿಕೊಂಡು, ಅನಂತರ ತಾವಾಗಿಯೇ ಬಂದರು.

ಆದರೆ ಫಲಕಕ್ಕಿಂತ ವ್ಯಾಪಾರಿಗೆ ಹಿಡಿಸುವುದು ಧ್ವನಿವರ್ಧಕ. ವೀಕ್ಷಕ ವಿವರಣೆ ನೀಡುವವರು 'ಮೊದಲನೆಯ ಅಂಕಣದಲ್ಲಿ' ಎನ್ನುವ ಬದಲು ಹೆಸರು ಹಿಡಿದೇ ಹೇಳಬೇಕೆಂದು ಅವರ ಮುಂದೆ ಚೀಟಿ ಅಂಟಿಸುತ್ತೇನೆ. ಒಂದು ರಾತ್ರಿಯಲ್ಲಿ ಆ ಹೆಸರು ನೂರು ಸಲವಾದರೂ ಊರಿಗೆ ಕೇಳುತ್ತದೆ. ಎರಡನೆಯ ವರ್ಷಕ್ಕೆ ಮಕ್ಕಳೇ ಅಂಕಣವನ್ನು ಆ ಹೆಸರಿನಿಂದ ಕರೆಯತೊಡಗಿದರು. ಬೆಳಕಿನ ಕಂಬಗಳಿಂದ ನಾನು ಎಣಿಸದ ಲಾಭವೂ ಬಂತು: ತಮ್ಮ ಹೆಸರಿನ ಕಂಬದಲ್ಲಿ ದೀಪ ಕೆಟ್ಟರೆ ದಾನಿಗಳೇ ಫೋನು ಮಾಡಿ ಇಲೆಕ್ಟ್ರಿಶಿಯನ್ನರನ್ನು ಕಳುಹಿಸುತ್ತಾರೆ.

ಮೊದಲ ಕಂತಿನ ಒಂಬತ್ತು ಕರಾರುಗಳಲ್ಲಿ ಆರು ನವೀಕರಣಗೊಂಡಿವೆ. ಇಬ್ಬರು ಬಿಟ್ಟರು. ಮೂರನೆಯ ಕಂಬದವರು ಐದು ಸಾವಿರ ಕಡಿಮೆ ಮಾಡಿ ಎನ್ನುತ್ತಿದ್ದಾರೆ, ಅದೇ ಕಂಬವನ್ನು ಅವರ ಎದುರಂಗಡಿಯವರೂ ವಿಚಾರಿಸಿದ್ದಾರೆ. ಬರುವ ಭಾನುವಾರ ನಾನು ಇಬ್ಬರ ಅಂಗಡಿಗೂ ಹೋಗುವವನಿದ್ದೇನೆ.