ಯಾವ ಕೆಲಸಕ್ಕೆ ಲೈಸೆನ್ಸ್? ಸರ್ಕಾರ ತೀರ್ಮಾನಿಸುವುದು ಹೀಗೆ

ಡಾಕ್ಟರಿಗೆ ಲೈಸೆನ್ಸ್ ಬೇಕು, ಟೈಲರಿಗೆ ಬೇಡ. ಯಾಕೆ? (ಅಂಗಡಿಗೆ ಪಾಲಿಕೆ ಕೊಡುವ ಟ್ರೇಡ್ ಲೈಸೆನ್ಸ್ ಬೇರೆ. ಇದು ಕೆಲಸ ಮಾಡುವ ಮನುಷ್ಯನಿಗೆ ಸಿಗುವ ಅನುಮತಿ.) ಇಷ್ಟದ ವೃತ್ತಿ ಮಾಡುವ ಹಕ್ಕು ಕೊಟ್ಟ ಸಂವಿಧಾನದ 19ನೇ ವಿಧಿಯೇ, ವೃತ್ತಿಗೆ ಬೇಕಾದ ಅರ್ಹತೆಯನ್ನು ಕಾನೂನಿನ ಮೂಲಕ ಗೊತ್ತುಮಾಡಲು ಸರ್ಕಾರಕ್ಕೂ ಅವಕಾಶ ಕೊಟ್ಟಿದೆ.

ಹೆಜ್ಜೆ 1: ಕೆಲಸ ಕೆಟ್ಟರೆ ಏನಾಗುತ್ತದೆ?
ಬ್ಲೌಸ್ ಬಿಗಿಯಾದರೆ ಬಿಚ್ಚಿ ಹೊಲಿಸಬಹುದು. ವೈರಿಂಗ್ ಕೆಟ್ಟರೆ ಪಕ್ಕದ ಮನೆಗೂ ಬೆಂಕಿ ಬೀಳಬಹುದು. ಅದಕ್ಕೇ ಕರ್ನಾಟಕದಲ್ಲಿ ವೈರ್‌ಮನ್‌ಗಳಿಗೆ ಪರ್ಮಿಟ್ ಇದೆ.

ಹೆಜ್ಜೆ 2: ಗಿರಾಕಿಗೆ ತಪ್ಪು ಗೊತ್ತಾಗುತ್ತದಾ?
ಕೈಗೆ ಬಂದ ಮಾತ್ರೆ ಸರಿಯೋ ಅಲ್ಲವೋ ನಮಗೆ ತಿಳಿಯದು. ಹಾಗಾಗಿ ವೈದ್ಯರ ಚೀಟಿಗೆ ಔಷಧಿ ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು ಎನ್ನುತ್ತದೆ 1948ರ ಫಾರ್ಮಸಿ ಕಾಯ್ದೆ.

ಹೆಜ್ಜೆ 3: ಇಷ್ಟು ಬಿಗಿ ಬೇಕಾ?
ಕೆಲಸಕ್ಕೆ ಬೇಲಿ ಹಾಕದೆ ಆ ಹೆಸರಿನ ಬಳಕೆಗೆ ಮಾತ್ರ ಹಾಕಬಹುದು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇಂಥದ್ದು. ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಎಂದು ಬೋರ್ಡ್ ಹಾಕುವಂತಿಲ್ಲ, ಆದರೆ ಕಟ್ಟಡದ ನಕ್ಷೆ ಬರೆಯುವ ಕೆಲಸವನ್ನು ಆ ಕಾಯ್ದೆ ತಡೆಯುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೆಜ್ಜೆ 4: ಲೈಸೆನ್ಸ್ ಕೇಳುತ್ತಿರುವವರು ಯಾರು?
ನನ್ನ ಪ್ರಕಾರ ಜಾಸ್ತಿ ಹುಷಾರಾಗಿರಬೇಕಾದ್ದು ಇಲ್ಲೇ. ಒಂದು ಕಸುಬಿಗೆ ಲೈಸೆನ್ಸ್ ಹಾಕಿ ಎಂದು ಬರುವವರು ಹೆಚ್ಚಾಗಿ ಗಿರಾಕಿಗಳಲ್ಲ, ಆ ಕಸುಬಿನಲ್ಲಿ ಆಗಲೇ ಇರುವವರು. ಹೊಸಬರು ಕಡಿಮೆಯಾದರೆ ಅವರಿಗೇ ಲಾಭ ಅಲ್ವಾ? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ದಂತವೈದ್ಯರೇ ತುಂಬಿದ್ದ ಸರ್ಕಾರಿ ಮಂಡಳಿ, ಹಲ್ಲು ಬೆಳ್ಳಗೆ ಮಾಡಿಕೊಡುತ್ತಿದ್ದ ಬೇರೆಯವರಿಗೆ ‘ನಿಲ್ಲಿಸಿ’ ಎಂದು ಪತ್ರ ಬರೆಯಿತು. ಸರ್ಕಾರದ ಮೇಲ್ವಿಚಾರಣೆ ಇಲ್ಲದೆ ಹೀಗೆ ಮಾಡಿದರೆ ಇಂಥ ಮಂಡಳಿಗೆ ಸ್ಪರ್ಧಾ ಕಾನೂನಿನಿಂದ (ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಮಾಡಬಾರದು ಎನ್ನುವ ಕಾನೂನು) ವಿನಾಯಿತಿ ಸಿಗದು ಎಂದು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಹೆಜ್ಜೆ 5: ಎಷ್ಟು ಕಲಿತಿರಬೇಕು?
ಲೈಸೆನ್ಸ್ ಬೇಕೆಂದು ತೀರ್ಮಾನವಾದ ಮೇಲೂ ಈ ಪ್ರಶ್ನೆ ಉಳಿಯುತ್ತದೆ. ನಮ್ಮ ಬ್ಯೂಟಿ ಪಾರ್ಲರ್‌ಗಳಲ್ಲಿ ದಾರ ಹಿಡಿದು ಐದೇ ನಿಮಿಷದಲ್ಲಿ ಐಬ್ರೋ ಮಾಡುತ್ತಾರಲ್ಲ, ಟೆಕ್ಸಾಸ್ ರಾಜ್ಯದಲ್ಲಿ ಅದಕ್ಕೆ 750 ಗಂಟೆಯ ಕೋರ್ಸ್ ಕಡ್ಡಾಯವಾಗಿತ್ತು. ಸುಮಾರು 320 ಗಂಟೆಯ ಪಾಠಕ್ಕೂ ದಾರದ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಈ ಕೆಲಸ ಮಾಡುವವರು ಕೋರ್ಟಿಗೆ ಹೋದರು. 2015ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಆ ನಿಯಮವನ್ನು ಅವರ ಮಟ್ಟಿಗೆ ರದ್ದು ಮಾಡಿತು.