ಬಾಟಲಿಯಲ್ಲಿ ಉಳಿದ ವೈನ್

ನಮ್ಮ ಮೊದಲ ಕೆಂಪು ವೈನನ್ನು ಕುಡಿದವರೆಲ್ಲ ಹೊಗಳಿದರು. ಮಸಿಯಷ್ಟು ಗಾಢ ಬಣ್ಣ, ಲೋಟದ ಒಳಮೈಗೆ ಅಂಟಿ ನಿಧಾನಕ್ಕೆ ಇಳಿಯುವ ಮಂದ, ಹೊಸ ಓಕ್ ಪೀಪಾಯಿಯಿಂದ ಬಂದ ವೆನಿಲ್ಲಾ ಪರಿಮಳ. ಮೊದಲ ಗುಟುಕಿಗೇ ಹುಬ್ಬು ಮೇಲೇರುತ್ತಿದ್ದವು. ಊಟ ಮುಗಿದು ಮೇಜು ಒರೆಸುವಾಗ ನನ್ನ ಹೆಂಡತಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಇಷ್ಟು ಹೊಗಳಿದರಲ್ಲ, ಮತ್ತೆ ಅರ್ಧ ಬಾಟಲಿ ಯಾಕ್ರೀ ಹಾಗೇ ಉಳಿದಿದೆ?"

ಅದಕ್ಕೆ ಸರಿಯಾದ ಉತ್ತರ ಸಿಗಲು ನಾಲ್ಕು ಕೊಯ್ಲು ಹಿಡಿಯಿತು.

ನಮ್ಮದು ಎಸ್ಟೇಟ್ ವೈನರಿ. ಅಂದರೆ ನಮ್ಮ ತೋಟದಲ್ಲಿ ಬೆಳೆದ ದ್ರಾಕ್ಷಿಯನ್ನೇ ನಾವೇ ಹಿಂಡಿ, ನಾವೇ ಹುದುಗಿಸಿ, ನಾವೇ ಬಾಟಲಿಗೆ ತುಂಬುತ್ತೇವೆ. ಹೊರಗಿನ ಹಣ್ಣು ತರುವುದಿಲ್ಲ. ಕೇಳಲು ಇದು ಜಂಬದ ಮಾತು, ಬದುಕಲು ಮಾತ್ರ ಬಿಗಿ. ಈ ವರ್ಷ ಹುಳಿ ಕಡಿಮೆಯಾಯಿತು ಎಂದರೆ ತಂಪು ಕಣಿವೆಯೊಂದರಿಂದ ನಾಲ್ಕು ಟನ್ ತಂದು ಬೆರೆಸೋಣ ಎನ್ನುವಂತಿಲ್ಲ. ಆರು ಎಕರೆಯಲ್ಲಿ ಐದು ತಳಿ ಇವೆ: ಬಿಳಿ ವೈನಿಗೆ ಶೆನಿನ್ ಬ್ಲಾಂಕ್, ಸೊವಿನ್ಯೋ ಬ್ಲಾಂಕ್, ಶಾರ್ಡೊನೆ, ಕೆಂಪಿಗೆ ಶಿರಾಜ್, ಕ್ಯಾಬರ್ನೆ ಸೊವಿನ್ಯೋ. ಐದು ಹೆಚ್ಚಾಯಿತು ಎಂದು ಈಗ ಅನ್ನಿಸುತ್ತದೆ. ನೆಟ್ಟಾಗ ಅನ್ನಿಸಿರಲಿಲ್ಲ.

ಆ ಮೊದಲ ಕೆಂಪು ವೈನ್ ಶಿರಾಜ್. ಹಣ್ಣು ಪೂರ್ತಿ ಮಾಗಲಿ ಎಂದು ಕಾದೆ, ಮತ್ತೆ ಕಾದೆ, 26 ಬ್ರಿಕ್ಸ್ ಬಂದ ಮೇಲೆ ಕೊಯ್ದೆ. ಬ್ರಿಕ್ಸ್ ಎಂದರೆ ನೂರು ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಸಕ್ಕರೆ ಇದೆ ಎಂಬ ಲೆಕ್ಕ. ಅದನ್ನು 0.55ರಿಂದ 0.6ರವರೆಗಿನ ಅಂಕಿಯಿಂದ ಗುಣಿಸಿದರೆ ಎಷ್ಟು ಆಲ್ಕೋಹಾಲ್ ಬರುತ್ತದೆಂಬ ಅಂದಾಜು ಸಿಗುತ್ತದೆ. ನನಗೆ ಶೇ. 15 ಬಂತು. ಖುಷಿಪಟ್ಟೆ. ಅದೇ ಹೊತ್ತಿಗೆ ಪಿಎಚ್ (ಈ ಅಂಕಿ ಏರಿದಷ್ಟೂ ಹುಳಿ ಕಡಿಮೆ) 3.9ಕ್ಕೆ ಏರಿದ್ದನ್ನು ನೋಡಿಯೂ ನೋಡದಂತಿದ್ದೆ. ಹಣ್ಣು ಬಿಸಿಲಿನಲ್ಲಿ ಬಳ್ಳಿಯ ಮೇಲೆ ಕೂತಷ್ಟೂ ಸಕ್ಕರೆ ಏರುತ್ತದೆ, ಮ್ಯಾಲಿಕ್ ಆಮ್ಲ ಹಣ್ಣಿನ ಉಸಿರಾಟದಲ್ಲೇ ಖರ್ಚಾಗಿ ಹೋಗುತ್ತದೆ. ಹೀಗೆ ಹುಳಿ ಕಳೆದುಕೊಂಡ ವೈನಿಗೆ ರಕ್ಷಣೆಯೂ ಕಡಿಮೆ. ವೈನಿನ ಪಿಎಚ್ 3.2 ಇದ್ದಾಗ, ಕೆಡದಂತೆ ಕಾಯುವ ಮುಕ್ತ ಸಲ್ಫರ್ ಡಯಾಕ್ಸೈಡ್ ಲೀಟರಿಗೆ 20 ಮಿಲಿಗ್ರಾಂ ಇದ್ದು ಮಾಡುವ ಕೆಲಸಕ್ಕೆ, 3.9ರಲ್ಲಿ ಸುಮಾರು 100 ಮಿಲಿಗ್ರಾಂ ಬೇಕು. ಅಷ್ಟು ಹಾಕಿದರೆ ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತದೆ, ಹಾಕದಿದ್ದರೆ ಕೆಡುತ್ತದೆ. ನಾನು ಎರಡರ ನಡುವೆ ಒದ್ದಾಡಿ, ತಪ್ಪು ಮುಚ್ಚಲು 225 ಲೀಟರಿನ ಹೊಸ ಪೀಪಾಯಿಗಳಿಗೆ ತುಂಬಿ ಹದಿನೆಂಟು ತಿಂಗಳು ಇಟ್ಟೆ.

ಹುಬ್ಬೇರಿಸಿದ್ದು ಆ ವೆನಿಲ್ಲಾ ಮತ್ತು ಆ ಶೇ. 15. ಎರಡನೇ ಲೋಟ ಬೇಡವೆನಿಸಿದ್ದೂ ಅವೇ.

ಆ ರಾತ್ರಿಯಿಂದ ನಮ್ಮಲ್ಲೊಂದು ರೂಢಿ ಶುರುವಾಯಿತು. ಮನೆಗೆ ನಾಲ್ಕು ಜನ ಊಟಕ್ಕೆ ಬಂದರೆ ಎರಡು ಮೂರು ಬಾಟಲಿ ತೆರೆದಿಡುತ್ತೇವೆ. ಯಾವುದು ಚೆನ್ನಾಗಿದೆ ಎಂದು ಕೇಳುವುದಿಲ್ಲ, ಕೇಳಿದರೆ ಎಲ್ಲರೂ ಮರ್ಯಾದೆಗೆ ಏನಾದರೂ ಹೇಳುತ್ತಾರೆ. ಅವರು ಹೋದ ಮೇಲೆ ಉಳಿದದ್ದನ್ನು ಅಳತೆ ಜಾರಿಗೆ ಸುರಿದು, ಏನು ಅಡುಗೆ, ಯಾವ ವೈನ್, ಎಷ್ಟು ಮಿಲಿಲೀಟರ್ ಉಳಿಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. 750ರಲ್ಲಿ 400 ಉಳಿದರೆ ಅದೇ ಅಭಿಪ್ರಾಯ. ರುಚಿ ನೋಡುವ ಕೋಣೆಯಲ್ಲಿ ನಾನು ಕೊಟ್ಟುಕೊಂಡ ಅಂಕಗಳಿಗೂ ಈ ಪುಸ್ತಕಕ್ಕೂ ಸಂಬಂಧವೇ ಇರಲಿಲ್ಲ.

ಪುಸ್ತಕ ಮೊದಲು ಹೇಳಿದ್ದು ಹುಳಿಯ ವಿಷಯ. ಕೊಬ್ಬಿನ ತಿನಿಸು, ಕರಿದದ್ದು, ಬೆಣ್ಣೆ, ಚೀಸ್ ಯಾವುದೇ ಇರಲಿ, ಹುಳಿ ಗಟ್ಟಿಯಿರುವ ವೈನ್ ಬಾಟಲಿ ಖಾಲಿಯಾಗುತ್ತಿತ್ತು. ಹುಳಿ ಬಾಯಿಯಲ್ಲಿ ನೀರೂರಿಸುತ್ತದೆ, ಕೊಬ್ಬನ್ನು ತೊಳೆದು ಮುಂದಿನ ತುತ್ತಿಗೆ ನಾಲಗೆ ಸಿದ್ಧ ಮಾಡುತ್ತದೆ. ಅಡುಗೆಯಲ್ಲಿ ಹುಳಿ ಇದ್ದಾಗಲಂತೂ ವೈನಿನ ಹುಳಿ ಅದಕ್ಕಿಂತ ಒಂದು ಕೈ ಮೇಲೇ ಇರಬೇಕು, ಇಲ್ಲವಾದರೆ ವೈನ್ ನೀರಾಗಿ ಕಾಣುತ್ತದೆ. ಟೊಮೆಟೊ ಸಾಸಿನ ಮುಂದೆ ನಮ್ಮ ಶೇ. 15ರ ಶಿರಾಜ್ ಸೋತದ್ದು ಹೀಗೆ. 520 ಮಿಲಿ ಉಳಿದಿತ್ತು, ಅದು ದಾಖಲೆ.

ಒಗರಿನ ಕಥೆ ಬೇರೆ. ಕೆಂಪು ವೈನಿನ ಟ್ಯಾನಿನ್ ಅನ್ನು ಕನ್ನಡದಲ್ಲಿ ವಿವರಿಸಲು ನಾನು ಎಂದೂ ಕಷ್ಟಪಟ್ಟಿಲ್ಲ. ಬಲಿಯದ ಬಾಳೆಕಾಯಿ ಕಚ್ಚಿದರೆ ಆಗುತ್ತದಲ್ಲ, ಅದೇ. ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಿತ್ತುಕೊಳ್ಳುತ್ತದೆ. ಬಾಯಲ್ಲಿ ಮಾಂಸವಿದ್ದರೆ ಆ ಪ್ರೋಟೀನು, ಕೊಬ್ಬು ಅದನ್ನು ಮೊದಲೇ ಹಿಡಿದುಕೊಳ್ಳುತ್ತವೆ, ಒಗರು ಮೆತ್ತಗಾಗುತ್ತದೆ. ಉಪ್ಪೂ ಕಹಿಯನ್ನು ತಗ್ಗಿಸುತ್ತದೆ. ಮೀನಿನ ಜೊತೆ ಕೆಂಪು ವೈನ್ ಕುಡಿದಾಗ ಲೋಹದಂಥ ನಾರುವ ರುಚಿ ಬರುವುದಕ್ಕೆ ನಾನು ಟ್ಯಾನಿನನ್ನೇ ಬೈಯುತ್ತಿದ್ದೆ. ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ ಪ್ರಕಾರ ಅಲ್ಲಿ ಮುಖ್ಯ ಕಳ್ಳ ವೈನಿನಲ್ಲಿರುವ ಕಬ್ಬಿಣದ ಅಂಶ. ಕಬ್ಬಿಣ ಕಡಿಮೆಯಿರುವ ಕೆಂಪು ವೈನ್ ಮೀನಿಗೂ ನಡೆಯುತ್ತದೆ. ಬಿಳಿ ಮಾಂಸಕ್ಕೆ ಬಿಳಿ, ಕೆಂಪು ಮಾಂಸಕ್ಕೆ ಕೆಂಪು ಎಂಬ ಸೂತ್ರವನ್ನು ನಾನು ಬಿಟ್ಟದ್ದು ಅದನ್ನು ಓದಿದ ಮೇಲೆ.

ಖಾರದ ಅಡುಗೆಯ ಪುಟಗಳು ಇನ್ನೂ ನಿಷ್ಠುರ. ಮೆಣಸಿನಕಾಯಿ ಉರಿಸುವ ನರಗಳ ಬಾಗಿಲನ್ನೇ ಆಲ್ಕೋಹಾಲೂ ತಟ್ಟುತ್ತದೆ, ಒಂದರ ಉರಿ ಇನ್ನೊಂದನ್ನು ಏರಿಸುತ್ತದೆ. ಅಂಥ ಊಟಕ್ಕೆ ಕಡಿಮೆ ಆಲ್ಕೋಹಾಲಿನ, ತಣ್ಣಗಿನ, ಸ್ವಲ್ಪ ಸಿಹಿ ಉಳಿಸಿಕೊಂಡ ವೈನ್ ಬೇಕು. ನಮ್ಮಲ್ಲಿ ಅಂಥದ್ದು ಇರಲಿಲ್ಲ. ಮಾಡಬೇಕಾಯಿತು.

ಆ ಕೆಲಸ ಬಿದ್ದದ್ದು ಶೆನಿನ್ ಮೇಲೆ. ಫ್ರಾನ್ಸಿನ ಲ್ವಾರ್ ನದಿಯ ಈ ತಳಿಗೆ ಮಾಗಿದರೂ ಹುಳಿ ಬಿಡದ ಹಟವಿದೆ. ಅಲ್ಲಿ ಇದರಿಂದ ಬುರುಗು ವೈನ್, ಒಣ (ಅಂದರೆ ಸಿಹಿಯಿಲ್ಲದ) ವೈನ್, ಜೇನಿನಂಥ ಸಿಹಿ ವೈನ್ ಎಲ್ಲವನ್ನೂ ಮಾಡುತ್ತಾರೆ. ನಾನು ಒಂದೇ ಸಾಲನ್ನು ಎರಡು ಸಲ ಕೊಯ್ಯಲು ಶುರು ಮಾಡಿದೆ. 20.5 ಬ್ರಿಕ್ಸಿಗೆ ಅರ್ಧ ಗೊಂಚಲು ತೆಗೆದು ಒಣ ವೈನಿಗೆ, ಉಳಿದದ್ದು ಹತ್ತು ದಿನ ಬಿಟ್ಟು ಅರೆಸಿಹಿಗೆ. ರಸವನ್ನು 14 ಡಿಗ್ರಿಯಲ್ಲಿ ನಿಧಾನಕ್ಕೆ ಹುದುಗಿಸಿ, ಲೀಟರಿಗೆ 15 ಗ್ರಾಂ ಸಕ್ಕರೆ ಉಳಿದಾಗ ಟ್ಯಾಂಕನ್ನು ಕೊರೆಯುವಷ್ಟು ತಣ್ಣಗಾಗಿಸಿ ಯೀಸ್ಟನ್ನು ನಿಲ್ಲಿಸಿದೆ. ನಿಂತಿತು ಎಂದುಕೊಂಡೆ. 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸುವುದನ್ನು ಆ ವರ್ಷ ಉಳಿತಾಯಕ್ಕೆಂದು ಬಿಟ್ಟಿದ್ದೆ. ಮೂರು ತಿಂಗಳಿಗೆ ಗೋದಾಮಿನಲ್ಲಿ ಕಾರ್ಕುಗಳು ಒಂದೊಂದಾಗಿ ಎದ್ದು ಬಂದವು. ಬಾಟಲಿಯೊಳಗೆ ಉಳಿದ ನಾಲ್ಕು ಯೀಸ್ಟ್ ಕಣಗಳಿಗೆ 15 ಗ್ರಾಂ ಸಕ್ಕರೆ ಹಬ್ಬದೂಟ. ಸಿಹಿ ಉಳಿಸುವ ಯಾರಿಗಾದರೂ ನಾನು ಹೇಳುವ ಒಂದೇ ಮಾತು: ಫಿಲ್ಟರ್.

ಸೊವಿನ್ಯೋ ಬ್ಲಾಂಕಿನಲ್ಲಿ ತಪ್ಪು ಎಲೆಯದು. ಮೊದಲ ವರ್ಷಗಳಲ್ಲಿ ಗೊಂಚಲುಗಳು ದಟ್ಟ ಎಲೆಯ ನೆರಳಲ್ಲಿ ಕೂತಿದ್ದವು, ವೈನ್ ಹಸಿ ದೊಣ್ಣೆ ಮೆಣಸಿನಕಾಯಿ ಕೊಯ್ದಂತೆ ಘಾಟು ಹೊಡೆಯುತ್ತಿತ್ತು. ಪೈರಾಜಿನ್ ಎಂಬ ಆ ವಾಸನೆಯ ಅಂಶ ಬೆಳಕು ತಾಗಿದರೆ ಕಡಿಮೆಯಾಗುತ್ತದೆ. ಕಾಯಿ ಕಟ್ಟಿದ ಕೂಡಲೇ ಬೆಳಗಿನ ಬಿಸಿಲಿನ ಮಗ್ಗುಲಲ್ಲಿ ಮಾತ್ರ ಎಲೆ ಕೀಳಿಸಿದೆ. ಸಂಜೆಯ ಮಗ್ಗುಲಲ್ಲೂ ಕಿತ್ತರೆ ಹಣ್ಣು ಸುಡುತ್ತದೆ. ಈಗ ಸ್ವಲ್ಪ ಹಸಿರು ವಾಸನೆ, ಮೇಲೆ ನಿಂಬೆಯ ಚುರುಕು. ಮೇಕೆ ಹಾಲಿನ ಚೀಸಿನ ಜೊತೆ ಇದು ಒಂದು ಹನಿಯೂ ಉಳಿಯುವುದಿಲ್ಲ. ಲ್ವಾರ್ ಸೀಮೆಯ ಸಾನ್ಸೆರ್‌ನವರು ತಮ್ಮ ಸೊವಿನ್ಯೋಗೆ ಜೋಡಿ ಮಾಡುವುದೂ ಅದನ್ನೇ, ಮಾತು ಸುಳ್ಳಲ್ಲ.

ಶಾರ್ಡೊನೆ ಬಗ್ಗೆ ಹೆಚ್ಚಿಲ್ಲ. ಬಿಳಿ ವೈನ್‌ಗಳಲ್ಲಿ ಅದೊಂದಕ್ಕೆ ಮಾತ್ರ ಮ್ಯಾಲೊಲ್ಯಾಕ್ಟಿಕ್ ಆಗಲು ಬಿಡುತ್ತೇನೆ, ಅಂದರೆ ಬ್ಯಾಕ್ಟೀರಿಯಾ ಚೂಪಾದ ಮ್ಯಾಲಿಕ್ ಆಮ್ಲವನ್ನು ಹಾಲಿನ ಮೃದು ಲ್ಯಾಕ್ಟಿಕ್ ಆಗಿ ಬದಲಿಸುತ್ತದೆ, ಬೆಣ್ಣೆಯ ಪರಿಮಳ ಕೊಡುತ್ತದೆ. ಕೆನೆ ಹಾಕಿದ ಕೋಳಿಗೆ ಚೆನ್ನ. ಮಿಕ್ಕದ್ದಕ್ಕೆ ಮಂದ.

ಶಿರಾಜನ್ನು ಈಗ 23.5ಕ್ಕೇ ಕೊಯ್ಯುತ್ತೇನೆ, ನಸುಕಿಗೆ ಮುಂಚೆ, ಹಣ್ಣು ತಣ್ಣಗಿರುವಾಗ. ಹುದುಗುವಾಗ ಬಿಸಿ 26 ಡಿಗ್ರಿ ಮೀರದಂತೆ ನೋಡಿಕೊಂಡು, ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಮೂರು ಸಲ ಒಳಕ್ಕೆ ಒತ್ತುತ್ತೇವೆ. ಪೀಪಾಯಿಗಳಲ್ಲಿ ಮುಕ್ಕಾಲು ಪಾಲು ಹಳೆಯವು. ಈಗ ಈ ವೈನಿನಲ್ಲಿ ಕರಿಮೆಣಸಿನ ವಾಸನೆ ತಿಳಿಯುತ್ತದೆ. ಇದು ಹೋಲಿಕೆಯ ಮಾತಲ್ಲ, ಎರಡರಲ್ಲೂ ಇರುವುದು ರೊಟುಂಡೋನ್ ಎಂಬ ಒಂದೇ ಅಣು. ಆಸ್ಟ್ರೇಲಿಯಾದವರು 2008ರಲ್ಲಿ ಇದನ್ನು ಪತ್ತೆ ಮಾಡಿದರು. ಐದರಲ್ಲಿ ಒಬ್ಬರಿಗೆ ಇದರ ವಾಸನೆಯೇ ತಿಳಿಯುವುದಿಲ್ಲವಂತೆ. ನಮ್ಮ ಮನೆಯಲ್ಲಿ ಆ ಒಬ್ಬ ನನ್ನ ತಮ್ಮ. "ಅಣ್ಣಾ, ನೀನು ಮೆಣಸು ಮೆಣಸು ಅಂತ ಊಹೆ ಮಾಡ್ಕೊಂಡು ಕುಡೀತೀಯ" ಎಂದು ವರ್ಷಗಟ್ಟಲೆ ಆಡಿಕೊಂಡ. ಅವನ ಮೂಗಿನ ದೋಷ ಎಂದು ಗೊತ್ತಾದ ದಿನ ನಾನೊಂದು ಬಾಟಲಿ ಪೂರ್ತಿ ಖಾಲಿ ಮಾಡಿದೆ.

ಅದೇ ಶಿರಾಜಿನ ಒಂದು ಮೂಲೆಯನ್ನು 21ಕ್ಕೆ ಕೊಯ್ದು, ಸಿಪ್ಪೆಯ ಜೊತೆ ನಾಲ್ಕು ಗಂಟೆ ಮಾತ್ರ ಬಿಟ್ಟು ಹಿಂಡಿ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್, ಮಾಡುತ್ತೇವೆ. ಇದನ್ನು ಹಗುರ ವೈನ್ ಎಂದು ಮೂಗು ಮುರಿಯುತ್ತಿದ್ದವನು ನಾನೇ. ಪುಸ್ತಕದಲ್ಲಿ ಅತಿ ಕಡಿಮೆ ಉಳಿದ ವೈನ್ ಇದು. ಮೇಜಿನ ಮೇಲೆ ಹತ್ತು ತರದ ತಿನಿಸು ಒಟ್ಟಿಗೆ ಬಂದಾಗ ಯಾವುದರ ಜೊತೆಗೂ ಜಗಳವಾಡುವುದಿಲ್ಲ.

ಇನ್ನೂ ಕೈಗೆ ಸಿಗದೆ ಕಾಡುತ್ತಿರುವುದು ಕ್ಯಾಬರ್ನೆ. 1997ರ ಡಿಎನ್‌ಎ ಪರೀಕ್ಷೆಯಲ್ಲಿ ಅದು ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯೋ ಬ್ಲಾಂಕಿನ ಮಗು ಎಂದು ತಿಳಿಯಿತು. ಕೆಂಪು ಹಣ್ಣಿಗೆ ಬಿಳಿ ಹಣ್ಣು ಹೆತ್ತವರಲ್ಲೊಬ್ಬರು. ದೊಣ್ಣೆ ಮೆಣಸಿನಕಾಯಿಯ ಘಾಟು ಆ ಮನೆತನದ ಆಸ್ತಿ. ಬೇಗ ಕೊಯ್ದರೆ ಘಾಟು, ತಡವಾದರೆ ಮತ್ತೆ ಆ ಶೇ. 15. ಬೀಜ ಕಂದು ಬಣ್ಣಕ್ಕೆ ತಿರುಗಿತೇ, ಅಗಿದರೆ ಕಟುಂ ಎನ್ನುತ್ತದೆಯೇ ಎಂದು ದಿನವೂ ಸಾಲಿನಲ್ಲಿ ನಿಂತು ನೋಡುತ್ತೇನೆ, ಯಂತ್ರದ ಅಂಕಿ ಆಮೇಲೆ. ಹೋದ ತಿಂಗಳು ಅಣಬೆ ಹುರಿದ ದಿನ ಇದನ್ನು ತೆರೆದೆವು, 410 ಮಿಲಿ ಉಳಿಯಿತು. ಅಣಬೆಯ ಉಮಾಮಿ, ಅಂದರೆ ಮಾಂಸದ ಸಾರಿನಂಥ ಗಾಢ ರುಚಿ, ವೈನಿನ ಕಹಿ, ಒಗರನ್ನು ಎತ್ತಿ ತೋರಿಸಿತ್ತು. ಮರುದಿನ ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಕೆಂಡದ ಮೇಲೆ ಸುಟ್ಟ ಕುರಿ ಮಾಂಸಕ್ಕೆ, ಉಪ್ಪು ಸ್ವಲ್ಪ ಮುಂದಾಗಿಯೇ ಹಾಕಿ, 17 ಡಿಗ್ರಿಗೆ ತಂಪು ಮಾಡಿ ಕೊಟ್ಟೆವು. 30 ಮಿಲಿ.

ಮೊದಲ ವರ್ಷದ ಆ ಶಿರಾಜಿನ ಎಂಟು ಬಾಟಲಿ ಇನ್ನೂ ಗೋದಾಮಿನಲ್ಲಿದ್ದವು. ಈ ಸಲ ಹೆಂಡತಿ ಅವನ್ನು ಅಡುಗೆಗೆ ತೆಗೆದುಕೊಂಡಳು. ಓಕಿನ ಒಗರು ಕುದಿದಷ್ಟೂ ಗಟ್ಟಿಯಾಗುತ್ತದೆಂದು ಅರ್ಧ ನೀರು ಬೆರೆಸಿ ಮಾಂಸವನ್ನು ಮೂರು ಗಂಟೆ ಬೇಯಿಸಿದಳು. ತುಂಬಾ ಚೆನ್ನಾಗಿತ್ತು. ಕುಡಿಯಲು ಮೇಜಿನ ಮೇಲೆ ತಂದಿಟ್ಟದ್ದು ರೋಸೆ.